ಗುಸ್ತಾವನ ಉಣ್ಣೆ

ಈ ಒಂದು ಒಲೆ ಇಡೀ ಮನೆಯನ್ನು ಕಾಯಿಸುತ್ತದೆ ಎಂದು ಅಂಗಡಿಯವನು ಹೇಳಿದ್ದ. ದಿದಿಯೆ ನಂಬಿದ. ನಂಬಿ ಸುಮ್ಮನಿದ್ದರೂ ಆಗುತ್ತಿತ್ತು. ಹೆಂಡತಿ ಓದಿಲ್ ಬೇಡ ಬೇಡ ಎಂದರೂ ಕೇಳದೆ ಅದುವರೆಗೆ ಮನೆ ಕಾಯಿಸುತ್ತಿದ್ದ ಹಳೆಯ ಎಣ್ಣೆ ಬಾಯ್ಲರನ್ನು ಕೀಳಿಸಿ ಹಿತ್ತಲಿಗೆ ಹಾಕಿಸಿದ. ಮುಂದಿನ ಕೋಣೆಯ ಬೆಂಕಿಗೂಡಿನೊಳಗೆ ಗಾಜಿನ ಬಾಗಿಲಿನ ಕಬ್ಬಿಣದ ಒಲೆ ಬಂದು ಕೂತಿತು. ಅದರ ಬಿಸಿಗಾಳಿಯನ್ನು ಮಹಡಿಯ ಮಲಗುವ ಕೋಣೆಗೆ ಒಯ್ಯುವ ಕೊಳವೆಯನ್ನು ಮಾತ್ರ ತಾನೇ ಅಟ್ಟದ ಕತ್ತಲಲ್ಲಿ ತೆವಳಿಕೊಂಡು ಹೋಗಿ ಜೋಡಿಸಿದ. "ಇಷ್ಟಕ್ಕೂ ಕೆಲಸದವರು ಬೇಕಾ?" ಎಂದಿದ್ದ.

ವಾರ ಕಳೆಯಿತು. ಕೆಳಗೆ ಸೆಕೆ, ಮೇಲೆ ಮೂಳೆ ಕೊರೆಯುವ ಚಳಿ. ಭಾನುವಾರ ಬೆಳಿಗ್ಗೆ ಓದಿಲ್ ಕೋಟು, ಟೋಪಿ, ಕೈಗವಸುಗಳ ಸಮೇತ ಹಾಸಿಗೆಯಿಂದ ಇಳಿದಳು.

"ನಾಳೆ ಗುಜರಿಯವನು ಬಾಯ್ಲರ್ ಒಯ್ಯೋಕೆ ಬರ್ತಾನೆ. ಇವತ್ತು ರಾತ್ರಿ ಊಟದ ಹೊತ್ತಿಗೆ ಮೇಲಿನ ಕೋಣೆ ಬೆಚ್ಚಗಾಗಿದ್ರೆ ಒಯ್ಯಲಿ. ಇಲ್ದಿದ್ರೆ ಬಾಯ್ಲರ್ ಒಳಗೆ, ನಿನ್ನ ಬೆಂಕಿ ಬಂದ್. ಒಲೆ ಒಳಗೆ ನಾನು ಹೂಕುಂಡ ಇಡ್ತೀನಿ."

"ರಾತ್ರಿ ನೀನೇ ಕಿಟಕಿ ತೆಗಿ ಅಂತೀಯ, ನೋಡ್ತಿರು," ಎಂದು ದಿದಿಯೆ ಕಟ್ಟಿಗೆ ತರಲು ಹಿತ್ತಲಿಗೆ ಹೋದ.

ಗೋಡೆಯಾಚೆ ಪಕ್ಕದ ಮನೆಯ ಲೆಯೋನಿ ನಿಂತಿದ್ದಳು. ಎಂಬತ್ತು ದಾಟಿದ ಮುದುಕಿ. ಡಿಸೆಂಬರಿನ ಚಳಿಯಲ್ಲಿ ತೋಳಿಲ್ಲದ ಅಂಗಿ ತೊಟ್ಟು ಪೇಪರಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದಳು.

"ಏನಪ್ಪಾ ದಿದಿಯೆ, ಇನ್ನೂ ಹೊಗೆ ಹಾಕ್ತಾನೇ ಇದ್ದೀಯಾ? ಸೊಳ್ಳೆ ಓಡಿಸ್ತಿದ್ದೀಯೋ ಹೇಗೆ?"

"ಮನೆ ಕಾಯಿಸ್ತಿದ್ದೀನಿ, ಮದಾಂ."

"ನಾನು ಬಾಯ್ಲರ್ ಆರಿಸಿ ವಾರ ಆಯ್ತು. ಒಂದು ಕಡ್ಡಿ ಗೀರಿಲ್ಲ. ಆದ್ರೂ ಮಹಡೀಲಿ ಮಲಗಿದ್ರೆ ಬೆವರು! ಎಲ್ಲಾ ನಮ್ಮ ಗುಸ್ತಾವನ ಕೈಗುಣ. ಚಳಿ ತಡೀಲಿ ಅಂತ ಅಟ್ಟಕ್ಕೆ ಕುರಿ ಉಣ್ಣೆ ತುಂಬಿದ್ನಲ್ಲ, ಕೆಲಸ ಅಂದ್ರೆ ಅದು. ಈಗ ಅವನ ಸಮಾಧಿಗೇ ಹೊರಟಿದ್ದೀನಿ, ಹೇಳೋದಿದೆ."

ಗಂಡ ಗುಸ್ತಾವ್ ಬದುಕಿದ್ದಾಗ ಅದೇ ಉಣ್ಣೆಗೆ ಈಕೆ ಇಲಿಗೂಡು ಎಂದು ಹೆಸರಿಟ್ಟಿದ್ದಳು. ಅದು ಬೀದಿಗೆಲ್ಲ ಗೊತ್ತು. ಈಗ ಸತ್ತವನ ಜೊತೆ ತನ್ನನ್ನು ಹೋಲಿಸಿದ್ದು ಕೇಳಿ ದಿದಿಯೆಗೆ ಮೈಯೆಲ್ಲ ಉರಿಯಿತು. ಉರಿಯದಿದ್ದದ್ದು ಮಹಡಿಯೊಂದೇ.

ಅಷ್ಟರಲ್ಲಿ ಎದುರುಮನೆಯ ಎಮಿಲ್ ಬಂದ. ನಿವೃತ್ತ ಅಂಚೆಯವನು. ಪಾರಿವಾಳ ಸಾಕುವುದನ್ನು ಬಿಟ್ಟರೆ ಊರಿಗೆ ಬುದ್ಧಿ ಹೇಳುವುದೇ ಅವನ ಕೆಲಸ.

"ಕಟ್ಟಿಗೆ ಹಸಿ ಕಣಯ್ಯಾ," ಎಂದ. ಒಣ ಓಕ್ ಮರದ ಕಟ್ಟಿಗೆ ಬಂತು. ಮಹಡಿ ಜಪ್ಪಯ್ಯ ಅನ್ನಲಿಲ್ಲ.

"ಹಾಗಾದ್ರೆ ಗಾಳಿ ಸಾಲ್ದು. ಒಲೆ ಬಾಗಿಲು ತೆಗಿ, ಫ್ಯಾನ್ ಹಚ್ಚು."

ಹಚ್ಚಿದ್ದೇ ತಡ, ಒಲೆಯ ಬೂದಿಯೆಲ್ಲ ಎದ್ದು, ಓದಿಲ್ ಒಣಗಲು ಹಾಕಿದ್ದ ಬಿಳಿ ಹಾಸಿಗೆ ಬಟ್ಟೆಗಳ ಮೇಲೆ ಕೂತಿತು. ಎಮಿಲ್‌ಗೆ ಥಟ್ಟನೆ ಪಾರಿವಾಳಗಳ ನೆನಪಾಗಿ, ಅವನು ಮನೆಗೆ ಓಡಿದ. ಓದಿಲ್ ಹೋಗಿ ಹೂಕುಂಡವನ್ನು ತೊಳೆದು ಒಲೆಯ ಪಕ್ಕ ಇಟ್ಟಳು.

ಕತ್ತಲಾಯಿತು. ಅಡುಗೆಮನೆಯಿಂದ ಸೂಪಿನ ವಾಸನೆ ಬರತೊಡಗಿತು. ಕೊಳವೆ ಎಲ್ಲೋ ಸೋರುತ್ತಿರಬೇಕು ಎಂಬ ಕೊನೆಯ ಆಸೆಯಿಂದ ದಿದಿಯೆ ಟಾರ್ಚ್ ಹಿಡಿದು ಅಟ್ಟ ಹತ್ತಿದ.

ಗಣಿ ಕೆಲಸಗಾರರಿಗೆಂದು ಒಂದೇ ಅಚ್ಚಿನಲ್ಲಿ ಕಟ್ಟಿದ ಸಾಲುಮನೆಗಳು ಅವು. ಕೆಳಗೆ ಗೋಡೆ ಬೇರೆ ಬೇರೆ, ಮೇಲೆ ಅಟ್ಟ ಒಂದೇ. ಪ್ರತಿ ಮಲಗುವ ಕೋಣೆಯ ಚಾವಣಿಗೂ ಗಾಳಿಯಾಡಲು ಒಂದೇ ನಮೂನೆಯ ಜಾಲರಿ. ಕೊಳವೆಯನ್ನು ತಡವುತ್ತ ತೆವಳಿದ. ಒಂದು ಜಾಲರಿ ಸಿಕ್ಕಿತು. ಕೆಳಗೆ ಅವನದೇ ಹಾಸಿಗೆ, ಅವನದೇ ಕಂಬಳಿ. ಜಾಲರಿಗೆ ಮಾತ್ರ ಏನೂ ಜೋಡಿಸಿರಲಿಲ್ಲ. ಕೊಳವೆ ಅದರ ಪಕ್ಕದಲ್ಲೇ ಹಾದು, ಮುಂದೆ ಹೋಗಿ, ಕುರಿ ಉಣ್ಣೆಯ ರಾಶಿಯೊಳಗೆ ನುಗ್ಗಿತ್ತು. ಉಣ್ಣೆ ಸರಿಸಿದ. ಇನ್ನೊಂದು ಜಾಲರಿ, ಅದಕ್ಕೆ ತಾನೇ ಕತ್ತಲಲ್ಲಿ ಜೋಡಿಸಿದ ಕೊಳವೆಯ ತುದಿ. ಅದರ ಕೆಳಗೆ ಲೆಯೋನಿಯ ಕೋಣೆ.

ವಾರವಿಡೀ ತಾನು ಕಾಯಿಸಿದ್ದು ಈ ಮುದುಕಿಯನ್ನು! ದಿದಿಯೆ ಹಲ್ಲು ಕಚ್ಚಿ ಕೊಳವೆಯ ಕುತ್ತಿಗೆಗೆ ಕೈ ಹಾಕಿದ. ಒಂದೇ ಎಳೆತ ಸಾಕಿತ್ತು. ಅಷ್ಟರಲ್ಲಿ ಕೆಳಗಿನಿಂದ ಮಾತು ಕೇಳಿಸಿತು. ಲೆಯೋನಿ ಗಂಡನ ಫೋಟೋ ಹಿಡಿದು ಕೂತಿದ್ದಳು.

"ಸಮಾಧಿ ಹತ್ರ ಜನ ಇದ್ರು ಗುಸ್ತಾವ್, ಪೂರ್ತಿ ಹೇಳೋಕಾಗ್ಲಿಲ್ಲ. ಬದುಕಿರೋ ತನಕ ನಿನ್ನ ಕೈಲಾಗದವನು ಅಂದೆ. ಬೀದಿಯೋರ ಮುಂದೆಲ್ಲ ಅಂದೆ. ನೀನು ಸುಮ್ನೆ ನಗ್ತಿದ್ದೆ. ಈಗ ನೋಡು, ನೀನೇ ನನ್ನ ಬೆಚ್ಚಗಿಟ್ಟಿದ್ದೀಯ. ತಪ್ಪಾಯ್ತು ಕಣೋ."

ದಿದಿಯೆ ಕೊಳವೆಯಿಂದ ಕೈ ತೆಗೆದ. ಮರುಕ್ಷಣ ಕೈ ತೆಗೆದಿದ್ದಕ್ಕೇ ಸಿಟ್ಟು ಬಂತು. ಸರಿಸಿದ ಉಣ್ಣೆಯನ್ನು ಮೊದಲಿನಂತೆ ಮುಚ್ಚಿ ಕೆಳಗಿಳಿದು ಓದಿಲ್‌ಗೆ ಎಲ್ಲ ಹೇಳಿದ.

ಓದಿಲ್ ಬಿದ್ದು ಬಿದ್ದು ನಕ್ಕಳು. ಆಮೇಲೆ ಕಣ್ಣೊರೆಸಿಕೊಂಡಳು.

"ಹೋಗು ಮತ್ತೆ, ಕಿತ್ಕೊಂಡು ಬಾ."

"ನೀನೇ ಹೋಗಿ ಕೀಳು."

ಇಬ್ಬರೂ ಏಳಲಿಲ್ಲ.

"ನಾಳೆ ಬಾಯ್ಲರ್ ಒಳಗೆ ತರ್ಸು," ಎಂದಳು ಓದಿಲ್. "ಮಾತು ಅಂದ್ರೆ ಮಾತು."

"ಮತ್ತೆ ಒಲೆ?"

"ಅದೂ ಉರೀಲಿ. ಪಾಪ, ಗುಸ್ತಾವನ ಮರ್ಯಾದೆ ಪ್ರಶ್ನೆ."

ಊಟ ಮುಗಿಯುವ ಹೊತ್ತಿಗೆ ಲೆಯೋನಿ ಬಾಗಿಲು ತಟ್ಟಿದಳು. "ಮೇಲೆ ಆ ಐಸ್ ಪೆಟ್ಟಿಗೇಲಿ ಯಾಕೆ ಸಾಯ್ತೀರ? ನನ್ನ ಕೋಣೆ ಬಾಗಿಲು ತೆಗೆದಿಟ್ರೆ ಪಕ್ಕದ ಕೋಣೇನೂ ಬೆಚ್ಚಗಿರುತ್ತೆ. ಬಂದು ಮಲಗಿ."

ಓದಿಲ್ ಆಗಲೇ ದಿಂಬು ಕಂಕುಳಲ್ಲಿಟ್ಟು ಹೊಸ್ತಿಲು ದಾಟಿದ್ದಳು. ದಿದಿಯೆ ಕಟ್ಟಿಗೆಗೆ ಕೈ ಹಾಕಿದ್ದನ್ನು ಕಂಡು ಲೆಯೋನಿ ಹಣೆ ಚಚ್ಚಿಕೊಂಡಳು.

"ಅಯ್ಯೋ ದಡ್ಡಾ, ಹೊರಡೋ ಹೊತ್ತಲ್ಲಿ ಮತ್ಯಾಕೋ ಕಟ್ಟಿಗೆ ದಂಡ? ಆ ದರಿದ್ರ ಒಲೆ ಆರಿಸಿ ಬಾ. ನಮ್ಮನೇಲಿ ಉಣ್ಣೆ ಇದೆ!"

ದಿದಿಯೆ ಬಾಯಿ ತೆರೆದ. ಓದಿಲ್ ಕಣ್ಣು ಬಿಟ್ಟಳು. ದಿದಿಯೆ ಬಾಯಿ ಮುಚ್ಚಿದ.

"ಆಯ್ತು ಮದಾಂ, ಬಂದೆ," ಎಂದ. ಮುದುಕಿ ಬೆನ್ನು ತಿರುಗಿಸುವ ತನಕ ಕಾದು, ಇದ್ದುದರಲ್ಲೇ ದಪ್ಪನೆಯ ಕೊರಡೊಂದನ್ನು ಒಲೆಗೆ ತುರುಕಿದ.