ಅಕ್ಷತೆಗೆ ಹೆದರುವ ಫೋಟೋಗ್ರಾಫರ್

ನನ್ನ ಸೋದರತ್ತೆಯ ಮಗನಿಗೆ ಜಗತ್ತಿನಲ್ಲಿ ಒಂದೇ ಒಂದು ಭಯ: ಅಕ್ಕಿ! ಅನ್ನಕ್ಕಲ್ಲ, ಅನ್ನವನ್ನು ಕೇಳಿ ಕೇಳಿ ಹಾಕಿಸಿಕೊಂಡು ಉಣ್ಣುತ್ತಾನೆ. ಅವನು ಬೆಚ್ಚುವುದು ಅರಿಶಿನ ಹಚ್ಚಿದ ಅಕ್ಕಿಗೆ, ಅಂದರೆ ಅಕ್ಷತೆಗೆ. ಇಂಥವನ ಉದ್ಯೋಗ ಏನಿರಬಹುದು ಹೇಳಿ? ಅರಸೀಕೆರೆಯಲ್ಲಿ ಮದುವೆ ಫೋಟೋಗ್ರಾಫರ್!

ಪತ್ರಿಕೆಯಲ್ಲಿ ಕೆಲಸ ಮಾಡುವ ನನಗೆ ಉತ್ಪ್ರೇಕ್ಷೆ ಒಗ್ಗುವುದಿಲ್ಲ. ಕಣ್ಣಾರೆ ಕಂಡದ್ದನ್ನಷ್ಟೇ ವರದಿ ಮಾಡುತ್ತೇನೆ.

ಅವನು ಒಪ್ಪಿಕೊಂಡ ಮೊದಲ ಮದುವೆ ಅರಸೀಕೆರೆಯ ಕೊಬ್ಬರಿ ವ್ಯಾಪಾರಿಯೊಬ್ಬರ ಮಗಳದ್ದು. ಹೊಸ ಕ್ಯಾಮೆರಾ, ಹೊಸ ಶರ್ಟು. ಹುಡುಗ ಬೆಳಗಿನಿಂದ ಚೆಂಡಿನಂತೆ ಪುಟಿಯುತ್ತಿದ್ದ. ಪುರೋಹಿತರು ಕೈಯೆತ್ತಿ "ಗಟ್ಟಿಮೇಳ!" ಎಂದರು. ವಾಲಗ ಭೋರ್ಗರೆಯಿತು. ವರ ತಾಳಿ ಎತ್ತಿದ. ಯಾರೋ ಅಜ್ಜಿ ಅಕ್ಷತೆಯ ತಟ್ಟೆ ಮುಂದೆ ಚಾಚಿದರು. ಆಗ ನಮ್ಮವನು ಏನು ಮಾಡಿದ ಗೊತ್ತೆ? ಕ್ಯಾಮೆರಾವನ್ನು ಕುರ್ಚಿಯ ಮೇಲಿಟ್ಟ, ಚಪ್ಪಲಿ ಕಳಚಿದ, ಬೊಗಸೆ ತುಂಬ ಅಕ್ಷತೆ ತೆಗೆದುಕೊಂಡ, ಕಣ್ಣು ಮುಚ್ಚಿ ಭಕ್ತಿಯಿಂದ ಎರಚಿದ! ಚಿಕ್ಕಂದಿನಲ್ಲಿ ಅತ್ತೆ ಕಲಿಸಿದ ಅಭ್ಯಾಸ. ಗಟ್ಟಿಮೇಳ ಕಿವಿಗೆ ಬಿದ್ದರೆ ಕೈ ತಾನಾಗಿ ಅಕ್ಕಿಗೆ ಹೋಗುತ್ತದೆ. ಅವನು ಕಣ್ಣು ಬಿಡುವಷ್ಟರಲ್ಲಿ ಮೂರು ಗಂಟೂ ಬಿದ್ದಾಗಿತ್ತು.

"ಎಲ್ಲಯ್ಯಾ ಫೋಟೋ?" ಎಂದರು ಹೆಣ್ಣಿನ ತಂದೆ.

"ಅಕ್ಷತೆ ಹಾಕ್ತಿದ್ದೆ ಸಾರ್."

"ಅಕ್ಷತೆ ಹಾಕಾಕೆ ಊರೇ ಬಂದೈತೆ! ನಿನ್ನ ಯಾಕ್ಲಾ ಕರೆಸಿದ್ದು?"

"ಇನ್ನೊಂದ್ಸಲ ಕಟ್ಟಿಸ್ಬಿಡಿ ಸಾರ್, ಎರಡೇ ನಿಮಿಷ!"

ಆ ಮಾತಿಗೆ ಇಡೀ ಛತ್ರ ಎದ್ದು ನಿಂತಿತು. ಅವನು ಅಡುಗೆಮನೆಯ ಹಿಂಬಾಗಿಲಿನಿಂದ ಪಾರಾದ. ನೆಂಟರ ಮೊಬೈಲುಗಳಲ್ಲಾದರೂ ತಾಳಿ ಸಿಕ್ಕೀತೆಂದು ಹುಡುಕಿದರು. ಸಿಕ್ಕಿದ್ದೆಲ್ಲ ಮುಂದೆ ನಿಂತವರ ಮೊಬೈಲುಗಳು!

ತಪ್ಪಿನಿಂದ ಪಾಠ ಕಲಿಯಬೇಕು, ನಿಜ. ಆದರೆ ಇಷ್ಟೊಂದು ಕಲಿಯಬೇಕೇ? ಹಾರನಹಳ್ಳಿಯ ಮದುವೆಯಲ್ಲಿ ಎರಡೂ ಕೈಗಳನ್ನು ಟವೆಲಿನಿಂದ ಕ್ಯಾಮೆರಾಕ್ಕೆ ಬಿಗಿಸಿಕೊಂಡು ನಿಂತ. ತಾಳಿಯ ಚಿತ್ರ ಅಮೋಘವಾಗಿ ಬಂತು! ಟವೆಲಿನ ಗಂಟು ಮಾತ್ರ ಬಿಚ್ಚಲು ಬರಲಿಲ್ಲ. ಪಂಕ್ತಿಯಲ್ಲಿ ಪಕ್ಕದವರು ಅವನಿಗೆ ಹೋಳಿಗೆ ತಿನ್ನಿಸುವುದನ್ನು ಕಂಡು ಬೀಗಿತ್ತಿಯೊಬ್ಬರು ಮರುಗಿದರು: "ಪಾಪ, ಕೈ ಸ್ವಾಧೀನ ಇಲ್ಲ ಕಣವ್ವ. ಆದ್ರೂ ದುಡಕಂಡು ತಿಂತಾನೆ!"

ಅಲ್ಲಿಗೆ ಟವೆಲಿನ ಸಹವಾಸ ಬಿಟ್ಟ. ಆದರೆ ಕಣ್ಣಿಗೆ ಅಕ್ಷತೆ ಬಿದ್ದು ಗುರಿ ತಪ್ಪೀತು ಎಂಬ ಹೊಸ ಭಯ ಶುರುವಾಯಿತು. ಹಗರೆಯ ಮದುವೆಗೆ ಹೆಲ್ಮೆಟ್ ಹಾಕಿಕೊಂಡೇ ಮಂಟಪ ಹತ್ತಿದ! "ಮದ್ವೆಗೆ ಬಂದ್ಯೇನ್ಲಾ, ರೇಸಿಗೆ ಬಂದ್ಯೇನ್ಲಾ?" ಎಂದು ಯಜಮಾನರು ಕೇಳಿದರೆ, "ಸೇಫ್ಟಿ ಸಾರ್" ಎಂದ.

ಅಕ್ಷತೆಯೇ ಇಲ್ಲದ ಕಡೆ ಕೆಲಸ ಮಾಡಿದರೆ ಹೇಗೆ? ಮದುವೆ ಗೊತ್ತಾದ ಜೋಡಿಯೊಂದನ್ನು ಬಸ್ತಿಹಳ್ಳಿಗೆ ಕರೆದೊಯ್ದ. ಅಲ್ಲಿಯ ಬಸದಿಯ ಕಂಬಗಳ ನುಣುಪು ನಿಮಗೆ ಗೊತ್ತು. ಎದುರು ನಿಂತವರ ಮುಖ ಕನ್ನಡಿಯಲ್ಲಿ ಕಂಡಂತೆ ಮೂಡುತ್ತದೆ. ಕಂಬದ ಆ ಕಡೆ ಹುಡುಗ, ಈ ಕಡೆ ಹುಡುಗಿ. ಬೆಳಗಿನಿಂದ ಚಕಚಕ ತೆಗೆದದ್ದೇ ತೆಗೆದದ್ದು! ಸಂಜೆ ಚಿತ್ರಗಳನ್ನು ನೋಡಿದ ಹುಡುಗಿ ಕೇಳಿದಳು: "ಎಲ್ಲಾ ಫೋಟೋದಲ್ಲೂ ನಮ್ಮಿಬ್ರ ಮಧ್ಯೆ ಇದಾನಲ್ಲ, ಈ ಹೆಲ್ಮೆಟ್ಟು ಯಾರದು?"

ಅಭ್ಯಾಸಬಲ! ಅಲ್ಲಿಗೂ ಹಾಕಿಕೊಂಡು ಹೋಗಿದ್ದ.

ಇಷ್ಟಾದರೂ ಅವನ ಹೆಸರು ಕೆಡಲಿಲ್ಲ. ಕಾರಣ ಒಂದೇ: ಆ ಮೊದಲ ಮದುವೆಯ ನಂತರ ತಾಳಿ ಕಟ್ಟುವ ಗಳಿಗೆಯನ್ನು ಅವನು ಒಮ್ಮೆಯೂ ತಪ್ಪಿಸಿಕೊಂಡಿಲ್ಲ. ಆಮೇಲೆ ಯಾರ ಮದುವೆಯಲ್ಲೂ ಒಂದು ಕಾಳು ಅಕ್ಷತೆ ಹಾಕಿಯೂ ಇಲ್ಲ.

ಹೀಗಿರುವಾಗ ಅವನ ತಂಗಿಯ ಮದುವೆ ಗೊತ್ತಾಯಿತು. ಫೋಟೋ ನಾನೇ ತೆಗೆಯುವುದು ಎಂದು ಹಟ ಹಿಡಿದ. ತಂಗಿ ಒಪ್ಪಲಿಲ್ಲ.

"ಫೋಟೋ ಯಾರ್ ಬೇಕಾದ್ರೂ ತೆಗೀತಾರೆ ಕಣಣ್ಣ. ಅಪ್ಪ ಅಂತೂ ಇಲ್ಲ. ನೀನು ಅಕ್ಷತೆ ಹಾಕು, ಸಾಕು."

"ಬೇರೆಯವ್ರು ತಾಳಿ ಫೋಟೋ ಮಿಸ್ ಮಾಡಿದ್ರೆ? ಸುಮ್ನಿರೇ, ನಿಂಗೊತ್ತಾಗಲ್ಲ."

ಅವಳು ಸುಮ್ಮನಾದಳು. ಆ ಸುಮ್ಮನಿರುವಿಕೆ ಅವನಿಗೆ ಒಪ್ಪಿಗೆಯಂತೆ ಕಂಡಿತು, ನನಗೆ ಕಾಣಲಿಲ್ಲ.

ಬೇಲೂರಿನ ಛತ್ರ. ನನ್ನ ಅಪ್ಪ ಅಮ್ಮನೇ ಧಾರೆ ಎರೆದರು. ನಮ್ಮವನು ಹೆಲ್ಮೆಟ್ ಧರಿಸಿ, ಕ್ಯಾಮೆರಾ ಕಣ್ಣಿಗಿಟ್ಟು ಮಂಟಪದ ಎದುರು ಕಂಬದಂತೆ ನಿಂತಿದ್ದ. "ಗಟ್ಟಿಮೇಳ!" ವಾಲಗ ಏರಿತು. ತಲೆ ತಗ್ಗಿಸಿ ಕೂತಿದ್ದ ಮದುಮಗಳು ಥಟ್ಟನೆ ಮುಖವೆತ್ತಿದಳು. ವರನನ್ನು ನೋಡಲಿಲ್ಲ. ಹೆಲ್ಮೆಟ್ಟನ್ನೇ ನೋಡಿದಳು.

"ಹಿಡ್ಕಳಿ ಬಾವ!" ಎಂಬ ಕೂಗಷ್ಟೇ ಕೇಳಿದ್ದು. ಕ್ಯಾಮೆರಾ ನನ್ನ ಕೈಯಲ್ಲಿತ್ತು. ಹೆಲ್ಮೆಟ್ ಉರುಳುತ್ತಾ ವಾಲಗದವರ ಕಾಲಿಗೆ ಬಡಿಯಿತು. ಅವನು ಅತ್ತೆಯ ತಟ್ಟೆಯಿಂದ ಬೊಗಸೆ ತುಂಬಿಕೊಂಡು ಮಂಟಪಕ್ಕೆ ನುಗ್ಗಿದ. ಪೆನ್ನು ಹಿಡಿದು ಬದುಕಿದ ನಾನು ಬೆರಳಿಗೆ ಸಿಕ್ಕಿದ್ದನ್ನು ಒತ್ತಿದೆ. ಚಿತ್ರದಲ್ಲಿ ತಾಳಿಯೂ ಇಲ್ಲ, ವಧುವೂ ಇಲ್ಲ. ವರನ ಮೊಣಕೈಯಿದೆ, ಕಣ್ಣು ಮುಚ್ಚಿ ಕೈಯೆತ್ತಿದ ಅಣ್ಣನಿದ್ದಾನೆ.

ಸಂಜೆ ತಂಗಿಯನ್ನು ಗಂಡನ ಮನೆಗೆ ಕಳಿಸುವ ಹೊತ್ತು. ಅವನು ಎದುರು ಬಂದು ನಿಂತ.

"ತಾಳಿ ಫೋಟೋ ಇಲ್ಲ ಕಣೇ. ಮತ್ತೆ ಅದೇ ತಪ್ಪು ಮಾಡ್ಬಿಟ್ಟೆ."

ಅವಳು ಅವನ ತಲೆಯನ್ನು ಬಗ್ಗಿಸಿ, ಕೂದಲಲ್ಲಿ ಸಿಕ್ಕಿಕೊಂಡಿದ್ದ ಅಕ್ಷತೆಯನ್ನು ಒಂದೊಂದೇ ಕಾಳು ಹೆಕ್ಕತೊಡಗಿದಳು. ಬಾಗಿಲಲ್ಲಿ ಕಾರು ಹಾರನ್ ಹೊಡೆಯುತ್ತಲೇ ಇತ್ತು.