ಎರಡೇ ರೊಟ್ಟಿ

ತೂಕ ಇಳಿಯದಿದ್ದಾಗ ಮನುಷ್ಯರು ಮೊದಲು ತೂಕದ ಯಂತ್ರವನ್ನು ಅನುಮಾನಿಸುತ್ತಾರೆ, ಆಮೇಲೆ ಮನೆಯವರನ್ನು. ತಮ್ಮ ಬಾಯಿಯ ಸರದಿ ಬರುವುದು ಕೊನೆಗೆ, ಅದೂ ಬಂದರೆ. ನಾನೂ ಇದೇ ದಾರಿಯಲ್ಲಿ ಹೋದವಳು.

ಹೊಸಪೇಟೆಯ ಒಂದು ಲಾರಿ ಆಫೀಸಿನಲ್ಲಿ ಬಿಲ್ಲು ಬರೆಯುವುದು ನನ್ನ ಕೆಲಸ. ಒಂದು ದಿನ ನಾನು ಎದ್ದಾಗ ಕುರ್ಚಿಯೂ ನನ್ನ ಜೊತೆಗೇ ಎದ್ದಿತು. ಅಂದೇ ಫೋನಿನಲ್ಲಿ ಕ್ಯಾಲರಿ ಲೆಕ್ಕ ಹಾಕಲು ಕೂತೆ. ಅದು ವಯಸ್ಸು, ಎತ್ತರ, ತೂಕ ಎಲ್ಲ ಕೇಳಿತು. ದಿನವಿಡೀ ಏನು ಮಾಡುತ್ತೀರಿ ಎಂದೂ ಕೇಳಿತು. ಕೂತಿರುತ್ತೇನೆ ಎಂದು ಒಪ್ಪಿಕೊಳ್ಳಲು ನಾಚಿಕೆಯಾಯಿತು, ಆದರೂ ಒಪ್ಪಿಕೊಂಡೆ. ಇದ್ದ ಹಾಗೇ ಇರಲು ದಿನಕ್ಕೆ ಇಷ್ಟು ಕ್ಯಾಲರಿ, ಇಳಿಯಬೇಕಾದರೆ ಅದರಲ್ಲಿ ಇಷ್ಟು ಕಡಿಮೆ ಎಂದಿತು. ಅದನ್ನು ಅನ್ನ, ಪಲ್ಯ, ಚಹಾಕ್ಕೆಲ್ಲ ಹಂಚಿ ನೋಡಿದರೆ ನನ್ನ ಪಾಲಿಗೆ ಉಳಿದದ್ದು ಹೊತ್ತಿಗೆ ಎರಡು ಜೋಳದ ರೊಟ್ಟಿ.

ನಮ್ಮ ಮನೆಯಲ್ಲಿ ರೊಟ್ಟಿ ಅತ್ತೆಯ ಖಾತೆ. “ಅತ್ತಿ, ಇನ್ನ ಮ್ಯಾಲೆ ನಂಗ ಎರಡ ರೊಟ್ಟಿ ಸಾಕ್ರಿ” ಎಂದೆ. ಅವರು ಹಿಟ್ಟಿನ ಕೈಯಲ್ಲೇ ನನ್ನನ್ನು ದಿಟ್ಟಿಸಿದರು. “ಯಾಕವ್ವಾ, ಗಂಡ ಏನರ ಅಂದನೇನು?” ಇಲ್ಲವೆಂದರೂ ನಂಬದೆ ಸಂಜೆ ಮಗನನ್ನು ಕೂರಿಸಿಕೊಂಡು ವಿಚಾರಣೆ ಮಾಡಿದರು. ಪಾಪ, ನನ್ನ ಗಂಡನಿಗೆ ನಾನು ದಪ್ಪಗಾಗಿರುವುದೇ ಗೊತ್ತಿರಲಿಲ್ಲವಂತೆ. ಆ ಮಾತಿನ ಮೇಲೂ ನನಗೆ ಅನುಮಾನವಿದೆ.

ಒಂದು ತಿಂಗಳು ಎರಡೆರಡೇ ರೊಟ್ಟಿ ತಿಂದೆ. ತೂಕ ಎರಡು ಕಿಲೋ ಏರಿತು. ಯಂತ್ರವನ್ನು ಅಡುಗೆಮನೆಯಲ್ಲಿಟ್ಟು ನಿಂತೆ, ಬಚ್ಚಲ ಬಾಗಿಲಲ್ಲಿಟ್ಟು ನಿಂತೆ, ಬಳೆ ತೆಗೆದಿಟ್ಟು ನಿಂತೆ. ಫೋನಿನವರು ಯಾವುದೋ ಬೇರೆ ದೇಶದ ಹೆಂಗಸಿನ ಲೆಕ್ಕವನ್ನು ನನಗೆ ಕೊಟ್ಟಿದ್ದಾರೆ ಎಂದುಕೊಂಡೆ. ಕೊನೆಗೆ ಒಂದು ಬೆಳಿಗ್ಗೆ ಅಡುಗೆಮನೆಯ ಬಾಗಿಲ ಮರೆಯಲ್ಲಿ ನಿಂತು ಇಣುಕಿದೆ. ಅತ್ತೆ ತಟ್ಟಿ ಹಾಕಿದ ರೊಟ್ಟಿ ಹಂಚಿನಲ್ಲಿ ಹಿಡಿಸದೆ ಅಂಚು ಇಳಿಬಿಟ್ಟಿತ್ತು. ದಪ್ಪವೂ ಹಾಗೇ ಇತ್ತು. ದಿನಾ ನನ್ನ ತಟ್ಟೆಗೆ ಅದನ್ನು ಮಡಚಿ ಮಡಚಿ ಹಾಕುತ್ತಿದ್ದುದು ಯಾಕೆಂದು ಈಗ ತಿಳಿಯಿತು.

“ಅತ್ತಿ, ಇದೇನ್ರಿ ಇದು!”

“ಎರಡ ಅಂದಿ, ಎರಡ ಮಾಡೀನಿ. ಎಷ್ಟ ದೊಡ್ಡವು ಅಂತ ನೀ ಹೇಳಿದ್ದೇನು?” ಎಂದವರು, ನಾನು ಬಾಯಿ ತೆರೆಯುವುದರೊಳಗೆ ಸೆರಗಿನಿಂದ ಕಣ್ಣೊರೆಸಿಕೊಂಡರು. “ಬರೋ ವಾರ ಎಮ್ಮಿಗನೂರಾಗ ಮದಿವಿ ಐತಿ. ನೀ ಸೊರಗಿ ಹೋದ್ರ, ಸೊಸಿಗೆ ಕೂಳು ಹಾಕವಲ್ಲಳು ಅಂತಾರ ಮಂದಿ. ನಮ್ಮತ್ತಿ ನನಗ ಹಂಗ ಮಾಡಿದ್ಲು. ನಾ ಅಂಥಾಕಿ ಅಲ್ಲ ಅಂತ ಊರಿಗೆ ಗೊತ್ತಾಗಬ್ಯಾಡೇನು?”

ಜಗಳಕ್ಕೆ ನಿಂತವಳು ಕೂತು ಉಂಡೆ.

ಮದುವೆಯ ಪಂಗತಿಯಲ್ಲಿ ಅತ್ತೆಯ ವಾರಗಿತ್ತಿ ನನ್ನ ಗಲ್ಲ ಹಿಡಿದು, “ಭಾಳ ಸೊರಗೀಯಲ್ಲವ್ವಾ! ಉಣ್ಣಾಕ ಹಾಕ್ತಾಳೋ ಇಲ್ಲೋ?” ಎಂದರು. ತಿಂಗಳಿಡೀ ಆ ಮಾತಿಗಾಗಿ ಕಾದಿದ್ದ ನನಗೆ ಜೀವ ತಂಪಾಯಿತು. ಆದರೆ ಪಕ್ಕದಲ್ಲಿದ್ದ ಅತ್ತೆಯ ಮುಖ ಬಾಡಿಹೋಯಿತು, ಕೈಯಲ್ಲಿದ್ದ ತುತ್ತು ಎಲೆಗೆ ಇಳಿಯಿತು. ನನಗೆ ತಡೆಯಲಾಗಲಿಲ್ಲ.

“ಎಲ್ಲಿ ಸೊರಗೀನ್ರಿ! ಒಂದ ತಿಂಗಳದಾಗ ಎರಡು ಕಿಲೋ ಏರೀನಿ!”

ದನಿ ಸ್ವಲ್ಪ ಜೋರಾಯಿತು. ಸಾರು ಬಡಿಸುತ್ತಿದ್ದವರೂ ನಿಂತು ನೋಡಿದರು. ಅತ್ತೆ ಮಾತ್ರ ತಲೆಯೆತ್ತಿ ಇನ್ನೊಂದು ಹೋಳಿಗೆ ಹಾಕಿಸಿಕೊಂಡರು.

ಹಿಂದಿರುಗಿದ ಮರುದಿನ ಅತ್ತೆ ತಾವಾಗಿಯೇ ಅಂಗೈ ಅಗಲದ ಎರಡು ತೆಳ್ಳನೆಯ ರೊಟ್ಟಿ ಮಾಡಿ ನನ್ನ ಮುಂದಿಟ್ಟರು. ನಾನು ತಟ್ಟೆ ನೋಡಿದೆ, ಅವರ ಮುಖ ನೋಡಿದೆ, ಮತ್ತೆ ತಟ್ಟೆ ನೋಡಿದೆ.

“ಅತ್ತಿ,” ಎಂದೆ, “ನನ್ನ ಮ್ಯಾಲೆ ಸಿಟ್ಟಾಗೀರೇನ್ರಿ?”