ಅತಿ ಹಗುರ ಲೋಹದ ಆಫೀಸು

ಸರ್ಕಾರದ ಹಕ್ಕು, ಖಾಸಗಿಯವರ ದುಡ್ಡು ಒಂದೇ ಬೆಂಚಿನ ಮೇಲೆ ಕೂತಲ್ಲಿ ಇಂಥ ಪ್ರಸಂಗಗಳು ನಡೆಯುತ್ತಲೇ ಇರುತ್ತವೆ. ಹೇಳುವಾಗ ನಾನು ಒಂದಿಷ್ಟು ಒಗ್ಗರಣೆ ಹಾಕುತ್ತೇನೆ, ಅಷ್ಟೇ.

ಎಲ್ಲರ ಜೇಬಿಗೂ ಮೊಬೈಲು ಇಳಿಯುತ್ತಿದ್ದ ಕಾಲ. ಪುಣೆಯ ಒಂದು ಸರ್ಕಾರಿ ಖನಿಜ ಆಫೀಸಿನಲ್ಲಿ ನಾನು ಗುಮಾಸ್ತ. ಮೊಬೈಲಿನ ಬ್ಯಾಟರಿಗೆ ಬೇಕಾದ ಲಿಥಿಯಂ, ಲೋಹಗಳಲ್ಲೆಲ್ಲ ಹಗುರವಂತೆ. ಅದನ್ನು ಅಗೆಯುವ ಹಕ್ಕು ಸರ್ಕಾರಕ್ಕೆ ಮಾತ್ರ. ಅಗೆಯುವುದಕ್ಕೆ ದುಡ್ಡು ಸರ್ಕಾರದ ಹತ್ತಿರ ಇಲ್ಲ! ವಿಜಾಪುರ ಕಡೆಯ ನಮ್ಮ ಸಾಹೇಬರು ಭೂವಿಜ್ಞಾನಿ. ಅರ್ಧ ಆಯುಷ್ಯ ಗುಡ್ಡ ಸುತ್ತಿ, ಲಿಥಿಯಂ ಇರುವ ತಿಳಿ ನೇರಳೆ ಕಲ್ಲು ಹುಡುಕಿದವರು. ಬಂಡವಾಳ ಹಾಕುವವರು ಸಿಗದಿದ್ದರೆ ಆಫೀಸಿಗೆ ಬೀಗ, ಅವರ ಕಲ್ಲುಗಳೆಲ್ಲ ಗೋದಾಮಿಗೆ.

ಬೀಗತನ

ಕಡೆಗೊಬ್ಬರು ಸಿಕ್ಕರು. ಪುಣೆ ಪಕ್ಕದ ಚಾಕಣದಲ್ಲಿ ಮೋಟಾರು ಬಿಡಿಭಾಗದ ಕಾರ್ಖಾನೆ ಇಟ್ಟ ಸೊಲ್ಲಾಪುರದ ಶೇಠಜಿ.

"ಗಣಿ ಯಾರದು?"

"ಸರ್ಕಾರದ್ದು," ಅಂದರು ಸಾಹೇಬರು.

"ಅದರಾಗ ಬಂದ ಮಾಲು?"

"ಸರ್ಕಾರದ್ದು."

"ನಂದೇನ್ರಿ ಹಂಗಾರ?"

"ಬಂಡವಾಳ."

ಶೇಠಜಿ ನನ್ನ ಕಡೆ ತಿರುಗಿದರು. "ಅಂದ್ರ ಮದುವಿ ಖರ್ಚೆಲ್ಲಾ ನಂದು, ಸೊಸಿ ಮಾತ್ರ ಇವರ ಮನ್ಯಾಗ?"

ಸಾಹೇಬರ ಮುಖ ಬಾಡಿತು. ನಾನು ಸುಮ್ಮನಿರಬೇಕಿತ್ತು. "ಚಿಂತಿ ಮಾಡಬ್ಯಾಡ್ರಿ ಶೇಠಜಿ, ಲಾಭ ಅನ್ನೋ ಮೊಮ್ಮಗು ಹುಟ್ಟಿದ್ರ ವರ್ಷಕ್ಕೊಮ್ಮೆ ಎತ್ತಿಕೊಳ್ಳಾಕ ಕೊಡ್ತೀವಿ!"

ಖಂಡೇನವಮಿ

ಶೇಠಜಿ ಕಲ್ಲಿನ ಪರೀಕ್ಷೆಯ ವರದಿ ಕೇಳಿದರು. ಮಾದರಿ ಕಲ್ಲುಗಳನ್ನು ಪ್ರಯೋಗಾಲಯಕ್ಕೆಂದು ತೆಗೆದಿಟ್ಟೆವು. ಅಷ್ಟರಲ್ಲಿ ದಸರೆಯ ಖಂಡೇನವಮಿ. ಆವತ್ತು ಪುಣೆಯಲ್ಲಿ ಅನ್ನ ಕೊಡುವ ಯಂತ್ರ, ಹತಾರ ಎಲ್ಲಕ್ಕೂ ಪೂಜೆ. ನಮ್ಮ ಪ್ಯೂನ್ ಮಾಮಾ ಟೈಪ್‌ರೈಟರು, ಜೀಪು ಮುಗಿಸಿ ಕಲ್ಲುಗಳಿಗೂ ಅರಿಶಿನ ಕುಂಕುಮ ಏರಿಸಿಬಿಟ್ಟ. ಅವು ಹಾಗೇ ಪ್ಯಾಕಾಗಿ ಹೋದವು.

ವರದಿ ಬಂತು: "ಲಿಥಿಯಂ ಇದೆ. ಅರಿಶಿನವೂ ಇದೆ. ಕಾರಣ ತಿಳಿಯಲಿಲ್ಲ."

ಸಾಹೇಬರು ಕೂಗಾಡಿದರು. "ಕಲ್ಲಿಗೆ ಯಾಕ ಹಚ್ಚಿದಿಯೋ?"

"ಸಾಹೇಬ್ರ, ಆಫೀಸು ನಿಂತಿರೋದೇ ಅದರ ಮ್ಯಾಲ. ಅದಕ್ಕ ಹಚ್ಚಲಾರದ ಮತ್ಯಾತಕ್ಕ ಹಚ್ಚಲಿ?"

ಸಾಹೇಬರು ವರದಿ ಮಡಚಿಟ್ಟರು. ನನಗೂ ಒಂದು ಕ್ಷಣ ನಗು ಬರಲಿಲ್ಲ. ಆ ಕಲ್ಲು ಯಾರದು ಅಂತ ದಿಲ್ಲಿಯ ಸರ್ಕಾರ, ಚಾಕಣದ ಶೇಠಜಿ ಜಗ್ಗಾಡುತ್ತಿದ್ದರು. ನಮ್ಮದು ಅಂತ ಅರಿಶಿನ ಹಚ್ಚಿದವನು ಇವನೊಬ್ಬನೇ.

ಮರುಕ್ಷಣ ಬಾಯಿ ತೆರೆದೆ: "ಅರಿಶಿನ ಸಿಕ್ಕದ ಅಂದ್ರ ಇನ್ನ ಕೃಷಿ ಖಾತೆಯವರೂ ಪಾಲು ಕೇಳ್ತಾರ್ರಿ."

ತೆಂಗಿನಕಾಯಿ

ವರದಿ ನೋಡಿ ಶೇಠಜಿ ಅರೆಮನಸ್ಸಿನಿಂದ ಒಪ್ಪಿದರು. ಕಡೆಗೆ ದಿಲ್ಲಿಯಿಂದ ಬಂದ ಅಧಿಕಾರಿ, ಶೇಠಜಿ, ಸಾಹೇಬರು, ನಾನು ಜೀಪು ಹತ್ತಿ ರಾಯಚೂರು ಕಡೆಯ ಆ ಗುಡ್ಡಕ್ಕೆ ಹೋದೆವು. ಭೂಮಿಪೂಜೆ, ಅಲ್ಲೇ ಒಪ್ಪಂದಕ್ಕೆ ಸಹಿ. ಸಾಹೇಬರು ಹೊಸ ಅಂಗಿ ತೊಟ್ಟಿದ್ದರು.

ಕಾಯಿ ಒಡೆಯುವವರು ಯಾರು? ಅಧಿಕಾರಿ ಕೈ ಹಿಂದೆ ಕಟ್ಟಿಕೊಂಡರು: "ಖಾಸಗಿಯವರು ದುಡ್ಡು ಕಟ್ಟುವ ಮುಂಚೆ ಸರ್ಕಾರ ಒಡೆಯುವ ಹಾಗಿಲ್ಲ." ಶೇಠಜಿ: "ಪರರ ಜಾಗಾದಾಗ ನಾ ಹ್ಯಾಂಗ ಒಡೀಲಿ?" ಇಬ್ಬರೂ ಕೂಡಿ ಹಿಡಿಯಿರಿ ಅಂದೆ. ಹಿಡಿದರು. ಒಬ್ಬರು ಎತ್ತಿದರೆ ಇನ್ನೊಬ್ಬರು ಇಳಿಸಿದರು. ಬಿಸಿಲು ನೆತ್ತಿಗೆ ಬಂತು.

ಸಾಹೇಬರು ಕಾಯಿ ಕಸಿದು, ನೇರಳೆ ಕಲ್ಲಿಗೆ ಫಟ್ ಅಂತ ಅಪ್ಪಳಿಸಿದರು.

ಅಧಿಕಾರಿ ಗಾಬರಿಯಾದರು. "ಯಾವ ಅಧಿಕಾರದ ಮೇಲೆ ಒಡೆದಿರಿ?"

"ಹೊಟ್ಟಿ ಹಸದದ್ರಿ."

ಶೇಠಜಿ ಕೊಬ್ಬರಿ ಅಗಿಯುತ್ತ ಬಿದ್ದುಬಿದ್ದು ನಕ್ಕರು. "ಗಣಿ ನನಗ ಬ್ಯಾಡ. ಈ ಮನುಷ್ಯಾನ್ನ ಕೊಡ್ರಿ, ಚಾಕಣಕ್ಕ ಕರಕೊಂಡು ಹೋಗ್ತೀನಿ."

ಒಪ್ಪಂದ ಅಲ್ಲಿಗೇ ಮುರಿದುಬಿತ್ತು. ಸಾಹೇಬರು ಕಾಯಿನೀರಿಗೆ ಒದ್ದೆಯಾದ ಕಲ್ಲನ್ನು ಅಂಗೈಯಲ್ಲಿ ಸವರಿದರು. ಆಮೇಲೆ ತಲೆ ಎತ್ತಿದರು.

"ಆಗೂದಿಲ್ರಿ ಶೇಠಜಿ. ಇಷ್ಟು ವರ್ಷ ಆದ ಮ್ಯಾಲ ನಾನೂ ಸರ್ಕಾರಿ ಖನಿಜನ ಆಗೀನಿ. ಅಗದು ಒಯ್ಯಾಕ ನಿಮಗ ಹಕ್ಕಿಲ್ಲ. ಬೇಕಂದ್ರ ದುಡ್ಡು ಹಾಕ್ರಿ."